ಆಟಿಕೆ ಬುಟ್ಟಿ ತುಂಬಿದೆ, ಮಗಳು ಮಾತ್ರ ಬಾಯಿ ಬಿಡುತ್ತಿಲ್ಲ

ನಿದ್ದೆಗೆಟ್ಟ_ಅಮ್ಮ:

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ, ಬರೆಯುತ್ತಿರುವುದು ಇದೇ ಮೊದಲು.

ಮಗಳಿಗೆ ಎರಡು ವರ್ಷ ಮೂರು ತಿಂಗಳು. ನಾವು ಹೇಳಿದ್ದೆಲ್ಲ ಅರ್ಥವಾಗುತ್ತದೆ. ಚಪ್ಪಲಿ ತಗೊಂಡು ಬಾ ಅಂದರೆ ತರುತ್ತಾಳೆ, ಫ್ಯಾನ್ ಎಲ್ಲಿ ಅಂದರೆ ಬೆರಳು ಮೇಲೆ ಹೋಗುತ್ತದೆ, ಬೇಕಾದ್ದನ್ನು ತೋರಿಸಿ ಕೈ ಹಿಡಿದು ಎಳೆಯುತ್ತಾಳೆ. ಆದರೆ ಬಾಯಿಬಿಟ್ಟು ಹೇಳುವುದು ಕಡಿಮೆ. ನಿನ್ನೆ ರಾತ್ರಿ ಅವಳು ಮಲಗಿದ ಮೇಲೆ ಕೂತು ಪಟ್ಟಿ ಮಾಡಿದೆ. 35 ಪದ ಆಯಿತು, ಅದರಲ್ಲಿ ನಾಲ್ಕೈದು ನನಗೊಬ್ಬಳಿಗೇ ಅರ್ಥವಾಗುವಂಥವು. ಎರಡು ಪದ ಸೇರಿಸಿ ಹೇಳುವುದು ಈಗೀಗ ಶುರುವಾಗಿದೆ. "ಅಪ್ಪ ಬಾ", "ನೀರು ಬೇಡ", ಅಷ್ಟೇ. ಇವಳಿಗಿಂತ ಒಂದು ತಿಂಗಳು ಚಿಕ್ಕವನಾದ ನೆಂಟರ ಹುಡುಗ ಫೋನಿನಲ್ಲಿ ನನ್ನ ಜೊತೆ ಜಗಳ ಆಡುತ್ತಾನೆ!

ನಾನು ಕೈಕಟ್ಟಿ ಕೂತಿಲ್ಲ. ಬಟನ್ ಒತ್ತಿದರೆ ಪ್ರಾಣಿಗಳ ಹೆಸರು ಹೇಳುವ ಆಟಿಕೆ ಇದೆ, ಗೋಡೆಗೆ ಅಕ್ಷರದ ಚಾರ್ಟ್ ಇದೆ, ಚಿತ್ರದ ಕಾರ್ಡುಗಳ ಡಬ್ಬಿ ಇದೆ. ದಿನಾ ಸಂಜೆ ಅರ್ಧ ಗಂಟೆ ಕಾರ್ಡ್ ಹಿಡಿದುಕೊಂಡು "ಇದೇನು? ಇದೇನು ಹೇಳು?" ಅಂತ ಕೂರುತ್ತೇನೆ. ಮೊದಲ ವಾರ ನೋಡಿದಳು. ಈಗ ಡಬ್ಬಿ ಕಂಡರೆ ಎದ್ದು ಓಡುತ್ತಾಳೆ. ಮೊನ್ನೆಯಂತೂ ಕಾರ್ಡುಗಳನ್ನೆಲ್ಲ ಸೋಫಾ ಸಂದಿಗೆ ಒಂದೊಂದಾಗಿ ತೂರಿಸಿಬಿಟ್ಟಳು, ನಾನು ಚೆನ್ನಾಗಿ ಬೈದೆ, ಇಬ್ಬರೂ ಅತ್ತೆವು.

ಇನ್ನೊಂದು ವಿಷಯ. ಮನೆಯಲ್ಲಿ ಎರಡು ಭಾಷೆ. ನಂದು ಕನ್ನಡ, ನಮ್ಮವರದು ಬೇರೆ. ಅದರಿಂದಲೇ ಮಗುವಿಗೆ ಗೊಂದಲ, ಒಂದು ಬಿಡಿ ಅಂತ ಹಿರಿಯರು ಹೇಳುತ್ತಿದ್ದಾರೆ.

ಕೈಯಿಂದ ಆಡುವ ಆಟಗಳಿಂದ ಮಾತು ಬೆಳೆಯುತ್ತದೆ ಅನ್ನುತ್ತಾರಲ್ಲ, ಅದು ಮನೆಯಲ್ಲಿ ನಿಜವಾಗಿ ಹೇಗೆ? ಏನು ಆಡಿಸಬೇಕು, ಆಡುವಾಗ ನಾನೇನು ಮಾಡಬೇಕು? ದಯವಿಟ್ಟು "ಎಲ್ಲಾ ತಾನಾಗೇ ಸರಿಹೋಗುತ್ತೆ" ಅನ್ನಬೇಡಿ. ಅದನ್ನು ಕೇಳಿ ಕೇಳಿ ಸಾಕಾಗಿದೆ.


ಗುಬ್ಬಿಗೂಡು:

ನೀವು ಬೈದಿರಲ್ಲ, ಆಟ ಇದ್ದಿದ್ದೇ ಅಲ್ಲಿ ಕಣ್ರೀ.

ನಗಬೇಡಿ, ನಾನೂ ಇದೇ ತಪ್ಪು ಮಾಡಿದವಳು. ಅವಳು ಒಂದೊಂದೇ ಕಾರ್ಡ್ ತಗೊಂಡು ಸಂದಿ ಹುಡುಕಿ ಒಳಗೆ ತಳ್ಳುತ್ತಿದ್ದಳು. ಅಂದರೆ ಅವಳ ಕಣ್ಣು, ಕೈ, ಮನಸ್ಸು ಮೂರೂ ಒಂದೇ ಕಡೆ ಇದ್ದವು. ಆ ಹೊತ್ತಿನಲ್ಲಿ ಹೇಳಿದ ಮಾತು ಅಂಟಿಕೊಳ್ಳುತ್ತದೆ. ನೀವು ಆನೆ ಚಿತ್ರ ಹಿಡಿದುಕೊಂಡು ಕೂತಾಗ ಆನೆ ಬೇಕಾಗಿದ್ದು ನಿಮಗೆ, ಅವಳಿಗಲ್ಲ.

ಚಪ್ಪಲಿ ಡಬ್ಬಿ ಇದ್ದರೆ ತಗೊಳ್ಳಿ, ರಟ್ಟಿನದು. ಮುಚ್ಚಳದಲ್ಲಿ ಉದ್ದಕ್ಕೆ ಒಂದು ಸೀಳು ಕೊಯ್ಯಿರಿ, ಕಾರ್ಡ್ ಹೋಗುವಷ್ಟು. ಅದೇ ಕಾರ್ಡುಗಳನ್ನು ಕೊಡಿ. ಪಕ್ಕದಲ್ಲಿ ಅಲ್ಲ, ಅವಳ ಎದುರಿಗೆ ನೆಲದ ಮೇಲೆ ಕೂತುಕೊಳ್ಳಿ, ನಿಮ್ಮ ಬಾಯಿ ಅವಳಿಗೆ ಕಾಣಬೇಕು. ಕಾರ್ಡ್ ಒಳಗೆ ಬಿದ್ದಾಗ "ಹೋಯ್ತು!" ಅನ್ನಿ. ಅಷ್ಟೇ. ಇನ್ನೊಂದು ಹಾಕಿದಳು, "ಹೋಯ್ತು!" ಅಡ್ಡಕ್ಕೆ ಸಿಕ್ಕಿಕೊಂಡರೆ "ಅಯ್ಯೋ, ಹೋಗ್ತಿಲ್ಲ". ಹತ್ತು ಸಲ ಆದ ಮೇಲೆ ಹನ್ನೊಂದನೇ ಸಲ ಏನೂ ಅನ್ನದೆ ಸುಮ್ನಿರಿ. ಅವಳ ಮುಖ ನೋಡುತ್ತಾ ಕಾಯಿರಿ. ಮನಸ್ಸಿನಲ್ಲೇ ಐದರವರೆಗೆ ಎಣಿಸಿ, ಬೇಕಾದರೆ ಹತ್ತರವರೆಗೆ.

ಈ ಸುಮ್ನಿರುವುದಿದೆಯಲ್ಲ, ನನಗೆ ಭಾರಿ ಕಷ್ಟವಾಗಿದ್ದು ಅದೇ. ಮಗುವಿನ ಜೊತೆ ಮಾತಾಡಿ ಮಾತಾಡಿ ಅಂತ ಎಲ್ಲರೂ ಹೇಳಿದ್ದರಿಂದ ನಾನು ಕ್ರಿಕೆಟ್ ಕಾಮೆಂಟರಿ ಥರ ಶುರು ಹಚ್ಚಿಕೊಂಡಿದ್ದೆ. ಮಗ ಎದ್ದ, ಮಗ ಕೂತ, ಮಗ ಚಮಚ ಹಿಡಿದ, ಇದು ಯಾವ ಬಣ್ಣ, ಎಷ್ಟಿವೆ, ಅಮ್ಮಂಗೆ ಕೊಡ್ತೀಯಾ... ಒಂದು ದಿನ ನಮ್ಮವರು ಗೊತ್ತಿಲ್ಲದ ಹಾಗೆ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿದರು. ನಾಚಿಕೆ ಆಯ್ತು. ಮೂರು ನಿಮಿಷದಲ್ಲಿ ಇಪ್ಪತ್ತಕ್ಕೂ ಜಾಸ್ತಿ ಪ್ರಶ್ನೆ ಕೇಳಿದ್ದೇನೆ, ಒಂದಕ್ಕೂ ಉತ್ತರ ಕೊಡುವಷ್ಟು ಬಿಡುವು ಕೊಟ್ಟಿಲ್ಲ. ನಡುವೆ ಒಂದು ಕಡೆ ಅವನು "ತೆ... ತೆ..." ಅಂತ ಏನೋ ಶುರು ಮಾಡಿದ್ದಾನೆ, ಅದರ ಮೇಲೆ ನನ್ನದೇ ದನಿ. ತೆಗಿ ಅನ್ನೋಕೆ ಹೊರಟಿದ್ದ ಪಾಪ.

ಅವತ್ತಿಂದ ಒಂದು ನಿಯಮ ಮಾಡಿಕೊಂಡೆ. ಒಂದು ಮಾತು ಹೇಳು, ಆಮೇಲೆ ಬಾಯಿ ಮುಚ್ಚಿಕೋ. ಅವನು ಏನು ಮಾಡಿದರೂ, ಒಂದು ದನಿಯೋ ಒಂದು ನೋಟವೋ, ಅದನ್ನು ಅವನ ಸರದಿ ಅಂತ ಲೆಕ್ಕ ಹಾಕು. ಆಮೇಲೆ ನನ್ನ ಸರದಿ. ಚೆಂಡು ಉರುಳಿಸುವ ಆಟ ಇದ್ದ ಹಾಗೆ.

ಡಬ್ಬಿಗೆ ಹಾಕುವ ಸಾಮಾನಿನ ಬಗ್ಗೆ ಎಚ್ಚರ. ಮೂರು ವರ್ಷದೊಳಗಿನ ಮಕ್ಕಳಿಗೆ ಗುಂಡಿ, ನಾಣ್ಯ, ಗೋಲಿ ಬೇಡವೇ ಬೇಡ. ಟಾಯ್ಲೆಟ್ ಪೇಪರ್ ಸುತ್ತಿರುತ್ತಾರಲ್ಲ ಆ ರಟ್ಟಿನ ಕೊಳವೆ, ಅದರೊಳಗೆ ತೂರುವ ಯಾವ ಸಾಮಾನೂ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು ಅಂತಲೇ ತಿಳಿಯಿರಿ. ಗುಂಡಿಯಂಥ ಚಿಕ್ಕ ಬ್ಯಾಟರಿ ಇರುವ ಆಟಿಕೆ ಇದ್ದರೆ ಅದರ ಸ್ಕ್ರೂ ಬಿಗಿಯಾಗಿದೆಯಾ ಇವತ್ತೇ ನೋಡಿ.


ಮಾತಿನ_ಕೆಲಸದವಳು:

ನಾನು ಮಕ್ಕಳ ಮಾತಿನ ಥೆರಪಿ ಮಾಡುವವಳು. ಗುಬ್ಬಿಗೂಡು ಹೇಳಿದ್ದನ್ನೇ ನಾನು ದಿನಾ ಹೇಳುತ್ತೇನೆ, ಅವರು ನನಗಿಂತ ಚೆನ್ನಾಗಿ ಹೇಳಿದ್ದಾರೆ. ಆದರೆ ಆಟಕ್ಕಿಂತ ಮೊದಲು ಎರಡು ಮಾತು.

ಕಿವಿ ಪರೀಕ್ಷೆ ಮಾಡಿಸಿ. ಕರೆದರೆ ತಿರುಗುತ್ತಾಳೆ, ಹೇಳಿದ್ದು ಕೇಳಿಸುತ್ತದೆ ಅಂತ ಬಿಡಬೇಡಿ. ಶೀತ ಆಗಿ ಕಿವಿಯೊಳಗೆ ನೀರು ತುಂಬಿಕೊಂಡ ಮಗುವಿಗೆ ಮಾತು ಕೇಳಿಸುತ್ತದೆ, ಆದರೆ ನೀರಿನೊಳಗೆ ಮುಳುಗಿ ಕೇಳಿದ ಹಾಗೆ ಮಸುಕಾಗಿ. ಹಾಗೇ ಒಮ್ಮೆ ಮಾತಿನ ತಜ್ಞರಿಗೂ ತೋರಿಸಿ. ಅರ್ಥ ಮಾಡಿಕೊಳ್ಳುತ್ತಾಳೆ, ಬೆರಳು ತೋರಿಸುತ್ತಾಳೆ, ಎರಡು ಪದ ಸೇರಿಸಲು ಶುರು ಮಾಡಿದ್ದಾಳೆ, ಇವೆಲ್ಲ ಒಳ್ಳೆಯ ಲಕ್ಷಣ. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 2022ರಲ್ಲಿ ತಿದ್ದಿದ ಪಟ್ಟಿಯಲ್ಲಿ ಎರಡು ವರ್ಷಕ್ಕೆ ಎರಡು ಪದ ಜೋಡಿಸುವುದು, ಎರಡೂವರೆಗೆ ಸುಮಾರು 50 ಪದ ಅಂತಿದೆ. ನಿಮ್ಮ ಮಗಳು ತೀರಾ ಹಿಂದಿಲ್ಲ. ಆದರೂ ಕಾದು ನೋಡುವುದರಿಂದ ಸಿಗುವ ಲಾಭ ಏನೂ ಇಲ್ಲ, ತೋರಿಸುವುದರಿಂದ ನಷ್ಟವೂ ಇಲ್ಲ. ಇದನ್ನು ಓದುವ ಬೇರೆಯವರಿಗೂ ಒಂದು ಮಾತು: ಬಂದಿದ್ದ ಮಾತು ಹೋಯಿತು ಅಂದರೆ, ಯಾವ ವಯಸ್ಸಿನಲ್ಲೇ ಆಗಲಿ, ಅವತ್ತೇ ವೈದ್ಯರಿಗೆ ಫೋನ್ ಮಾಡಿ.

ಎರಡು ಭಾಷೆ ಬಿಡಬೇಡಿ. ಎರಡು ಭಾಷೆಯಿಂದ ಮಾತು ತಡವಾಗುವುದಿಲ್ಲ. ಪದ ಎಣಿಸುವಾಗ ಎರಡೂ ಭಾಷೆಯವನ್ನು ಸೇರಿಸಿ ಎಣಿಸಬೇಕು, ನೀವು ಬರೀ ಕನ್ನಡದ್ದು ಎಣಿಸಿದಿರೋ ಏನೋ, ಇನ್ನೊಮ್ಮೆ ನೋಡಿ.

ಈಗ ಆಟ. ಕಾರ್ಡಿಗಿಂತ ಡಬ್ಬಿ ಯಾಕೆ ಮೇಲು ಗೊತ್ತಾ? ಕಾರ್ಡ್ ತೋರಿಸಿದರೆ ಮಗುವಿಗೆ ಸಿಗುವುದು "ಡಬ್ಬಿ" ಅನ್ನುವ ಒಂದೇ ಪದ, ಅದೂ ಅಲ್ಲಾಡದೆ ನಿಂತಿರುವುದು. ನಿಜವಾದ ಡಬ್ಬಿ ಜೊತೆ ಆಡಿದರೆ ಡಬ್ಬಿಗೆ ಹಾಕು, ಡಬ್ಬಿಯಿಂದ ತೆಗಿ, ಡಬ್ಬಿಯೊಳಗೆ ಇದೆ, ಡಬ್ಬಿ ಮೇಲೆ ಕೂರಬೇಡ. ನಮ್ಮ ಭಾಷೆಯಲ್ಲಿ ಅರ್ಧ ಕೆಲಸ ಪದದ ಬಾಲದಲ್ಲೇ ನಡೆಯುತ್ತದೆ, ಅಲ್ವಾ? ಆ ಬಾಲಗಳನ್ನು ಚಿತ್ರದಲ್ಲಿ ತೋರಿಸೋಕೆ ಆಗಲ್ಲ, ಕೈಯಲ್ಲೇ ಆಗಬೇಕು. ಕ್ರಿಯಾಪದವೂ ಅಷ್ಟೇ. ಲೋಟ ಬಿತ್ತು, ನಾನು ಬೀಳಿಸಿದೆ. ಬಾಗಿಲು ಮುಚ್ಚಿಕೊಂಡಿತು, ನೀನು ಮುಚ್ಚಿದೆ. ತಾನಾಗೇ ಆದದ್ದು ಯಾವುದು, ತಾನು ಮಾಡಿದ್ದು ಯಾವುದು ಅನ್ನುವ ವ್ಯತ್ಯಾಸ ಮಗುವಿಗೆ ಗೊತ್ತಾಗುವುದು ತಾನೇ ಬೀಳಿಸಿದಾಗ.

ಪ್ರಶ್ನೆ ಕಡಿಮೆ ಮಾಡಿ. "ಇದೇನು?" ಅನ್ನುವುದು ಪರೀಕ್ಷೆ. ನಿಮಗೆ ಉತ್ತರ ಗೊತ್ತಿದೆ ಅನ್ನುವುದು ಅವಳಿಗೂ ಗೊತ್ತು. ಅದರ ಬದಲು ಅವಳು ಹೇಳಿದ್ದಕ್ಕೆ ಒಂದೇ ಒಂದು ಪದ ಸೇರಿಸಿ ವಾಪಸ್ ಕೊಡಿ. ಅವಳು "ಕಾರು" ಅಂದರೆ ನೀವು "ಕಾರು ಹೋಯ್ತು". ಅವಳು "ಬೇಡ" ಅಂದರೆ "ಟೋಪಿ ಬೇಡ". ಪುರಾಣ ಬಿಚ್ಚಬೇಡಿ. ರ ಹೇಳುವಲ್ಲಿ ಲ ಹೇಳಿದರೆ ತಿದ್ದಲು ಹೋಗಬೇಡಿ, ನಮ್ಮಲ್ಲಿ ರ, ಷ ಥರದ ಸದ್ದು ಬಾಯಿಗೆ ಬರುವುದೇ ತಡವಾಗಿ. ಅವಳು "ಕಾಲು ಓಯ್ತು" ಅಂದರೆ "ಹೌದು, ಕಾರು ಹೋಯ್ತು" ಅಂತ ಸರಿಯಾಗಿ ಹೇಳಿ ಆಟ ಮುಂದುವರಿಸಿ. ಮತ್ತೆ ದಯವಿಟ್ಟು, "ಹೇಳು, ಹೇಳಿದರೆ ಕೊಡ್ತೀನಿ" ಅಂತ ಕೈಯಲ್ಲಿ ಸಾಮಾನು ಹಿಡಿದು ಸತಾಯಿಸಬೇಡಿ. ನೀರು ಕೇಳಿದ ಮಗುವಿಗೆ ನೀರು ಕೊಡಬೇಕು.

ಬಟನ್ ಆಟಿಕೆ ಬಗ್ಗೆ: 10ರಿಂದ 16 ತಿಂಗಳ ಮಕ್ಕಳು, ಅವರ ಅಪ್ಪ ಅಮ್ಮಂದಿರ ಜೊತೆ ಅಮೆರಿಕದಲ್ಲಿ ಒಂದು ಅಧ್ಯಯನ ಮಾಡಿದ್ದರು. ಸದ್ದು ಮಾಡುವ ಎಲೆಕ್ಟ್ರಾನಿಕ್ ಆಟಿಕೆ ಕೊಟ್ಟಾಗ ಪುಸ್ತಕ, ಮರದ ತುಂಡುಗಳ ಹೊತ್ತಿಗಿಂತ ದೊಡ್ಡವರು ಮಾತಾಡಿದ್ದು ಕಡಿಮೆ, ಮಕ್ಕಳ ಉಲಿಯೂ ಕಡಿಮೆ. ಆಟಿಕೆಯೇ ಮಾತಾಡುವಾಗ ನಾವ್ಯಾಕೆ ಅಂತ ಎಲ್ಲರೂ ಸುಮ್ನಾಗಿಬಿಡುತ್ತಾರೆ. ಬ್ಯಾಟರಿ ತೆಗೆದುಬಿಡಿ, ಅದೇ ಆಟಿಕೆ ಚೆನ್ನಾಗಿರುತ್ತದೆ.


ತಡವಾಗಿ_ಬರುವ_ಅಪ್ಪ:

ಎಲ್ಲ ಓದಿದೆ. ಒಪ್ಪುತ್ತೇನೆ. ಆದರೆ ನಾನು ಮನೆಗೆ ಬರುವುದೇ ರಾತ್ರಿ ಏಳೂವರೆಗೆ, ಮಗ ಮಲಗುವುದು ಒಂಬತ್ತಕ್ಕೆ. ಆ ಒಂದೂವರೆ ಗಂಟೆಯಲ್ಲಿ ಊಟ, ಬಟ್ಟೆ, ಪಾತ್ರೆ ಎಲ್ಲ ಇರುತ್ತದೆ. ಸೀಳು ಕೊಯ್ದ ಡಬ್ಬಿ ಮುಂದೆ ಕೂರೋಕೆ ಟೈಮ್ ಎಲ್ಲಿ? ಸಿಕ್ಕ ಸಿಕ್ಕ ಕಡೆ "ನಾಲ್ಕು ವರ್ಷ ತುಂಬುವಷ್ಟರಲ್ಲಿ ಕೆಲವು ಮಕ್ಕಳು ಬೇರೆಯವರಿಗಿಂತ ಮೂರು ಕೋಟಿ ಪದ ಕಡಿಮೆ ಕೇಳಿರುತ್ತಾರೆ" ಅಂತ ಹಾಕಿರುತ್ತಾರೆ. ಅದನ್ನು ಓದಿ ಎರಡು ರಾತ್ರಿ ನಿದ್ದೆ ಬಂದಿರಲಿಲ್ಲ. ಮೂರು ಕೋಟಿ ಪದ ನಾನೆಲ್ಲಿಂದ ತರಲಿ ಹೇಳಿ.

ಕೊನೆಗೆ ಸಿಕ್ಕ ದಾರಿ ಒಗೆದ ಬಟ್ಟೆ. ಒಣಗಿದ ಬಟ್ಟೆ ತಂದು ಹಾಸಿಗೆ ಮೇಲೆ ಸುರಿಯುತ್ತೇನೆ, ಅವನೂ ಅದರೊಳಗೇ ಬೀಳುತ್ತಾನೆ. ಸಾಕ್ಸ್ ಜೋಡಿ ಹುಡುಕುವುದು ಅವನ ಕೆಲಸ. ಒಂದು ನಾನು ಹಿಡಿದು "ಇದರ ಜೊತೆದು ಎಲ್ಲಿ?" ಅನ್ನುತ್ತೇನೆ. ಇದು ಪರೀಕ್ಷೆ ಪ್ರಶ್ನೆ ಅಲ್ಲ ಮೇಡಂ, ನನಗೆ ನಿಜವಾಗಿಯೂ ಗೊತ್ತಿರುವುದಿಲ್ಲ. ಅಪ್ಪಂದು, ನಂದು, ದೊಡ್ಡದು, ತೂತು ಬಿದ್ದಿದ್ದು, ಇನ್ನೂ ಒದ್ದೆ. ಒಂದು ದಿನ ಅವನ ಅಮ್ಮನ ಅಂಗಿ ತಲೆ ಮೇಲೆ ಹಾಕಿಕೊಂಡು "ನಾನು ಅಮ್ಮ, ಬೇಗ ತಿನ್ನು" ಅಂದ. ಅವನ ಅಮ್ಮನ ದನಿಯೇ! ಮನೆಯೆಲ್ಲ ನಕ್ಕೆವು, ಅಮ್ಮ ಒಬ್ಬಳನ್ನು ಬಿಟ್ಟು.


ಮಾತಿನ_ಕೆಲಸದವಳು:

ತಡವಾಗಿ ಬರುವ ಸರ್, ಆ ಮೂರು ಕೋಟಿ ಲೆಕ್ಕವನ್ನು ತಲೆಯಿಂದ ತೆಗೆದುಹಾಕಿ. ಅದು 1995ರಲ್ಲಿ ಅಚ್ಚಾದ ಪುಸ್ತಕದ್ದು, ಬರೀ 42 ಮನೆಗಳನ್ನು ನೋಡಿ ಹಾಕಿದ ಅಂದಾಜು. ಆಮೇಲೆ ಅದರ ಮೇಲೆ ಬೇಕಾದಷ್ಟು ತಕರಾರು ಬಂದಿದೆ. 2018ರಲ್ಲಿ ನಾಲ್ಕರಿಂದ ಆರು ವರ್ಷದ ಮಕ್ಕಳನ್ನು ಅಧ್ಯಯನ ಮಾಡಿದವರಿಗೆ ಕಂಡಿದ್ದು ಬೇರೆ: ಮಗುವಿನ ಕಿವಿಗೆ ಎಷ್ಟು ಪದ ಬಿತ್ತು ಅನ್ನುವುದಕ್ಕಿಂತ ಮಗು ಮತ್ತು ದೊಡ್ಡವರ ನಡುವೆ ಮಾತು ಎಷ್ಟು ಸಲ ಆ ಕಡೆ ಈ ಕಡೆ ಹೋಗಿ ಬಂತು ಅನ್ನುವುದಕ್ಕೂ ಮೆದುಳಿನ ಭಾಷೆಯ ಭಾಗ ಚುರುಕಾಗುವುದಕ್ಕೂ ನಂಟು ಜಾಸ್ತಿ. ನಿಮ್ಮ ಸಾಕ್ಸ್ ಆಟದಲ್ಲಿ ಆಗುತ್ತಿರುವುದು ಅದೇ. ಹದಿನೈದು ನಿಮಿಷ ಸಾಕು, ಟಿವಿ ಆಫ್ ಆಗಿರಲಿ.


ಅಜ್ಜ_ಆನ್‌ಲೈನ್:

ನಾನು ತಜ್ಞನಲ್ಲ. ನಾಲ್ಕು ಮೊಮ್ಮಕ್ಕಳನ್ನು ಆಡಿಸಿದವನು. ಟೈಪಿಂಗ್ ನಿಧಾನ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನೀರು ಯಾಕೆ ಯಾರೂ ಹೇಳಲಿಲ್ಲ? ಬಚ್ಚಲಲ್ಲಿ ಒಂದು ಬಕೆಟ್, ಎರಡು ಲೋಟ, ಒಂದು ಜಾಲರಿ, ಒಂದು ಸ್ಪಂಜು. ಇದಕ್ಕಿಂತ ಏನು ಬೇಕು ತಾಯಿ? ಕಲ್ಲು ಹಾಕಿದರೆ ಬುಳಕ್. ಸ್ಪಂಜು ಹಿಂಡಿದರೆ ಸೊರ್. ಲೋಟದಿಂದ ಸುರಿದರೆ ಧೊಪಧೊಪ, ಜಾಲರಿಯಿಂದ ಟಪಟಪ, ಕೊನೆಗೆ ತೊಟ್ಟಿಕ್ಕುವಾಗ ತೊಟ್... ತೊಟ್... ಇವೂ ಮಾತೇ. ಪುಸ್ತಕದಲ್ಲಿ ಇದಕ್ಕೆ ಅನುಕರಣ ಪದ ಅಂತಾರೆ. ನನ್ನ ಮೂರನೇ ಮೊಮ್ಮಗ ಎರಡು ವರ್ಷದವರೆಗೆ ಅಮ್ಮ ಅಪ್ಪ ಬಿಟ್ಟರೆ ಏನೂ ಹೇಳುತ್ತಿರಲಿಲ್ಲ, ಅವನು ಮೊದಲು ಹಿಡಿದ ಪದ ಬುಳಕ್. ಏನು ಬಿದ್ದರೂ ಬುಳಕ್. ನಾನು ಕಾಲು ಜಾರಿ ಬಿದ್ದಾಗಲೂ ಅಜ್ಜ ಬುಳಕ್ ಅಂದ. ಸೊಂಟ ನೋವಿನಲ್ಲೂ ನಗು ಬಂತು. ಅವನ ಮೊದಲ ಎರಡು ಪದದ ಮಾತು ಅದು.

ನೀರಿದ್ದ ಕಡೆ ಮಗುವನ್ನು ಒಂದು ಕ್ಷಣವೂ ಒಂಟಿ ಬಿಡಬೇಡಿ. ಅಂಗೈ ಆಳದ ನೀರಾದರೂ ಸರಿ. ಬಾಗಿಲು ಬಡಿದರೆ ಬಡಿದುಕೊಳ್ಳಲಿ. ಆಟ ಮುಗಿದ ತಕ್ಷಣ ಬಕೆಟ್ ಬೋರಲು ಹಾಕಿ.


ಮಾತಿನ_ಕೆಲಸದವಳು:

ಅಜ್ಜಾ, ನೀವು ತಜ್ಞರಲ್ಲ ಅಂದವರು ಯಾರು? 2008ರಲ್ಲಿ ಜಪಾನಿನಲ್ಲಿ ಮೂರು ವರ್ಷದ ಮಕ್ಕಳಿಗೆ ನಡಿಗೆಯ ಬಗೆಗಳಿಗೆ ಹೊಸ ಪದ ಕಲಿಸಿ ನೋಡಿದ್ದರು. ಪದದ ಸದ್ದು ಆ ನಡಿಗೆಗೆ ಹೊಂದುವಂತಿದ್ದರೆ ಮಕ್ಕಳು ಆ ಕ್ರಿಯಾಪದವನ್ನು ಸುಲಭವಾಗಿ ಹಿಡಿದರು. ಜಪಾನಿ ಭಾಷೆಯಲ್ಲೂ ನಮ್ಮ ಹಾಗೇ ಇಂಥ ಪದಗಳು ರಾಶಿ ಇವೆ. ಸರಸರ ಹೋಗು, ಮೆಲ್ಲಮೆಲ್ಲಗೆ ಬಾ, ದಡದಡ ಓಡು. ಇವನ್ನು ಬರೀ ಹೇಳದೆ ನಡೆದು ತೋರಿಸಿ. ಮಂಚದ ಸುತ್ತ ಎರಡು ಸುತ್ತು ಹಾಕಿದರೆ ಪಾಠ ಆಯಿತು.


ನಿದ್ದೆಗೆಟ್ಟ_ಅಮ್ಮ:

ಹತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಎಲ್ಲರಿಗೂ ಥ್ಯಾಂಕ್ಸ್, ಅಜ್ಜನಿಗೆ ನಮಸ್ಕಾರ.

ಕಿವಿ ಪರೀಕ್ಷೆಗೆ ಬರುವ ಗುರುವಾರ ಸಮಯ ಸಿಕ್ಕಿದೆ. ಪದಗಳನ್ನು ಎರಡೂ ಭಾಷೆ ಸೇರಿಸಿ ಮತ್ತೆ ಎಣಿಸಿದೆ, 48 ಆಯಿತು. ಮೇಡಂ ಹೇಳಿದ್ದು ನಿಜ, ನಮ್ಮವರ ಕಡೆಯ ಪದಗಳನ್ನು ನಾನು ಲೆಕ್ಕಕ್ಕೇ ತಗೊಂಡಿರಲಿಲ್ಲ. ಅವರಿಗೆ ಸ್ವಲ್ಪ ಬೇಜಾರೂ ಆಯಿತು.

ಡಬ್ಬಿ ಮಾಡಿದೆ. ಮೊದಲ ದಿನ ಐದು ಎಣಿಸುವಷ್ಟರಲ್ಲಿ ನನ್ನ ಬಾಯಿ ತಡೆಯಲಿಲ್ಲ, ಮಾತಾಡಿಬಿಟ್ಟೆ. ಎರಡನೇ ದಿನವೂ ಅಷ್ಟೇ. ಮೂರನೇ ದಿನ ತುಟಿ ಕಚ್ಚಿಕೊಂಡು ಕೂತೆ. ಅವಳು ಕಾರ್ಡ್ ಅರ್ಧ ತೂರಿಸಿ ನಿಲ್ಲಿಸಿದಳು, ನನ್ನ ಮುಖ ನೋಡಿದಳು. ನಾನು ಉಸಿರು ಬಿಗಿಹಿಡಿದಿದ್ದೆ. ಎಂಟರವರೆಗೆ ಎಣಿಸಿರಬೇಕು. ಕಾರ್ಡನ್ನು ಒಂದು ಬೆರಳಿನಿಂದ ತಳ್ಳಿ "ಓತು" ಅಂದಳು. ಆಮೇಲೆ ಚಪ್ಪಾಳೆ ತಟ್ಟಿದಳು, ತನಗೆ ತಾನೇ. ಅದಾದ ಮೇಲೆ ಇಡೀ ದಿನ ಓತು. ಅಪ್ಪ ಆಫೀಸಿಗೆ ಹೊರಟರೆ ಅಪ್ಪ ಓತು. ಕರೆಂಟ್ ಹೋದರೆ ಓತು. ನಿನ್ನೆ ಆನೆ ಕಾರ್ಡ್ ಹಾಕುವಾಗ "ಆನೆ ಓತು" ಅಂದಳು. ಆ ಆನೆಯನ್ನು ಒಂದು ತಿಂಗಳಿಂದ ಕೇಳುತ್ತಿದ್ದೆ ನಾನು!

ನೀರಾಟವೂ ಶುರುವಾಗಿದೆ. ಬಚ್ಚಲಿನಿಂದ ಹೊರಗೆ ಬರುವುದಕ್ಕೇ ಒಪ್ಪುವುದಿಲ್ಲ ಅನ್ನುವುದು ಬೇರೆ ಕಥೆ.

ಈಗ ಹೊಸ ತಾಪತ್ರಯ. ಮನೆಯಲ್ಲಿ ಏನು ಸಿಕ್ಕರೂ ಆ ಸೀಳಿಗೆ ತೂರಿಸುತ್ತಿದ್ದಾಳೆ. ಬಾಚಣಿಗೆ, ಬ್ಯಾಂಕಿನ ಪಾಸ್‌ಬುಕ್, ಕರೆಂಟ್ ಬಿಲ್. ನಿನ್ನೆ ಸಂಜೆಯಿಂದ ಟಿವಿ ರಿಮೋಟ್ ಕಾಣುತ್ತಿಲ್ಲ, ಡಬ್ಬಿಯಲ್ಲೂ ಇಲ್ಲ.


ಗುಬ್ಬಿಗೂಡು:

ಸೋಫಾ ಸಂದಿ ನೋಡಿದಿರಾ?


ನಿದ್ದೆಗೆಟ್ಟ_ಅಮ್ಮ:

ಸಿಕ್ತು. ಜೊತೆಗೆ ಹದಿನಾಲ್ಕು ಕಾರ್ಡೂ ಸಿಕ್ಕವು.